ದೊಡ್ಡಪ್ಪನಿಗೆ ಬಡಿಸಿದ ಅನ್ನ

ಉಳಿಸುವುದನ್ನು ನಾವು ಕಲಿತದ್ದು ಅಪ್ಪ ತೀರಿಕೊಂಡ ವರ್ಷ. ಅದಕ್ಕೂ ಮೊದಲು ಕಲಿಯುವ ಕಾರಣವೇ ಬಂದಿರಲಿಲ್ಲ. ಅಪ್ಪ ಕೊಪ್ಪಳದ ಒಂದು ಸರಕಾರಿ ದಫ್ತರಿನಲ್ಲಿ ಗುಮಾಸ್ತರಾಗಿದ್ದರು. ತಿಂಗಳ ಪಗಾರ ಬರುತ್ತಿತ್ತು, ಮರಳಿ ಎಂಬ ಊರಿನ ಗದ್ದೆಯಿಂದ ನಮ್ಮ ಪಾಲಿನ ಅಕ್ಕಿ ಬರುತ್ತಿತ್ತು, ಮುಗಿಯುವ ಹೊತ್ತಿಗೆ ಎರಡೂ ಮತ್ತೆ ಬರುತ್ತಿದ್ದವು. ಅಕ್ಕಿ ಅಳೆಯುವಾಗ ಚೆಲ್ಲಿದ್ದನ್ನು ಅವ್ವ ಗುಬ್ಬಿಗಳಿಗೆ ಬಿಡುತ್ತಿದ್ದಳು.

ಆ ಗದ್ದೆಯನ್ನು ನೋಡಿಕೊಳ್ಳುತ್ತಿದ್ದವರು ಗಂಗಾವತಿಯಲ್ಲಿದ್ದ ದೊಡ್ಡಪ್ಪ, ಅಪ್ಪನ ಅಣ್ಣ. ಅಪ್ಪನ ದಿನಕರ್ಮಗಳೆಲ್ಲ ಮುಗಿದ ಮೇಲೆ ಅವರು ನಮ್ಮ ಪಡಸಾಲೆಯಲ್ಲಿ ಕೂತು ನನ್ನನ್ನು ಕರೆದರು. ಗಂಡನ ಅಣ್ಣನ ಎದುರಿಗೆ ಅವ್ವ ಬರುವಂತಿರಲಿಲ್ಲ, ಅವರ ಜೊತೆ ಮಾತಾಡುವಂತೆಯೂ ಇರಲಿಲ್ಲ. ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದಳು, ನಾನು ಹೊಸ್ತಿಲ ಮೇಲೆ. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ನಾನು ಒಮ್ಮೆ ಹೇಳಿದ ಮೇಲೆಯೇ ಅದು ತಲುಪಿದ ಹಾಗೆ.

"ನಿಮ್ಮವ್ವಗ ಹೇಳು ಮಗಳ. ಮನಿ ಬಾಡಗಿ ನಾ ನೋಡ್ಕೋತೀನಿ. ವರ್ಷದ ಅಕ್ಕಿ ಇಳಿಸೇನಿ. ಮುಂದಿನ ಸುಗ್ಗಿ ತನಕ ಅದರಾಗ ನಿಭಾಯಿಸಿದ್ರ ನೀ ಇಲ್ಲೇ ಸಾಲಿ ಕಲಿ. ಆಗಲಿಲ್ಲಂದ್ರ ಮನಿ ಖಾಲಿ ಮಾಡಿ ಗಂಗಾವತಿಗೆ ಬರ್ರಿ. ಸಾಲಿ ಸಾಕು. ನಿನಗೊಂದು ಗಂಡ ನೋಡೂಣು."

ನಾನು ಹೇಳಿದೆ. ಬಾಗಿಲ ಹಿಂದಿನಿಂದ, "ಆಗಲಿ ಅಂತ ಹೇಳು" ಎಂದು ಬಂತು. ಅದನ್ನೂ ಹೇಳಿದೆ.

ನಾವು ಅಳುತ್ತ ಕೂರಲಿಲ್ಲ. ಅಳು ಬರಲಿಲ್ಲ ಎನ್ನುವುದು ಹೆಚ್ಚು ಸರಿ. ಬೆಳಿಗ್ಗೆ ಏಳುತ್ತಿದ್ದೆವು, ನಾನು ಸಾಲಿಗೆ ಹೋಗುತ್ತಿದ್ದೆ, ಅವ್ವ ಒಲೆಯ ಮುಂದೆ ಇರುತ್ತಿದ್ದಳು. ಅಪ್ಪನ ಕೋಟು ಗೂಟಕ್ಕೆ ತೂಗುತ್ತಿತ್ತು, ಅದನ್ನು ತೆಗೆಯಬೇಕೆಂದು ಇಬ್ಬರಿಗೂ ತೋಚಿರಲಿಲ್ಲ.

ಅಕ್ಕಿ ಸುಗ್ಗಿಯವರೆಗೆ ಬರುವುದಿಲ್ಲ ಎಂದು ಮೊದಲು ಹೇಳಿದವರು ಪಕ್ಕದ ಮನೆಯವರು, ನಾನು ದೊಡ್ಡಮ್ಮ ಎನ್ನುತ್ತಿದ್ದವರು. ಅವರ ಗಂಡ ಸ್ಟೇಶನ್ನಿಗೆ ಬಂಡಿ ಹೊಡೆಯುತ್ತಿದ್ದರು, ತವರು ಜೋಳ ಬೆಳೆಯುವ ಕುಷ್ಟಗಿ ಕಡೆ. ನಾವು ಕಾಳು ತುಂಬಿಡುವ ಮಣ್ಣಿನ ವಾಡೆಗೆ ಅವರು ಇಣುಕಿ ನೋಡಿ ನಕ್ಕರು.

"ದಿನಾ ಎರಡು ಹೊತ್ತು ಅನ್ನಾ ಉಂಡ್ರ ಇದು ದೀಪಾವಳಿ ಕಾಣಂಗಿಲ್ಲ ತಂಗಿ. ಅಕ್ಕಿ ಕೊಟ್ಟು ಜ್ವಾಳ ತಗೋ. ಒಂದು ಸೇರು ಕೊಟ್ರ ಹೆಚ್ಚಿಗಿನ ಬರತೈತಿ, ಹೊಟ್ಟ್ಯಾಗೂ ಭಾಳೊತ್ತು ನಿಲ್ಲತೈತಿ."

"ನನಗ ರೊಟ್ಟಿ ಬಡಿಯಾಕ ಬರಂಗಿಲ್ರಿ ಅಕ್ಕಾ" ಎಂದಳು ಅವ್ವ.

"ಗಂಗಾವತಿ ಮಂದಿ ನೀವು, ಅನ್ನಾ ಕಲಸಿ ಕಲಸಿ ಕೈ ಮೆತ್ತಗಾಗ್ಯಾವ. ಬಾ, ಕೂಡು."

ಅವ್ವನ ಮೊದಲ ರೊಟ್ಟಿಗಳು ಅಂಚಿನಲ್ಲಿ ಹರಿಯುತ್ತಿದ್ದವು. ದೊಡ್ಡಮ್ಮ ಒಂದನ್ನು ಎತ್ತಿ ಹಿಡಿದು, "ಇದ್ಯಾವ ಸೀಮಿ ನಕಾಶಿಯವಾ ಇದು? ಹಿಟ್ಟ ಬಡಿ ಅಂದ್ರ ಬೆನ್ನ ಸವರತೀಯಲ್ಲ!" ಎಂದರು. ಅವ್ವ ನಗಲಿಲ್ಲ, ಮತ್ತೊಂದು ಉಂಡೆ ತೆಗೆದುಕೊಂಡಳು.

ಹಾಗೆ ಒಂದೊಂದಾಗಿ ಕಲಿತೆವು. ವಾರದ ರೊಟ್ಟಿಯನ್ನು ಒಂದೇ ದಿನ ಬೇಯಿಸಿ, ಒಣಗಿಸಿ, ಕಟಕ ರೊಟ್ಟಿ ಮಾಡಿ ಬುಟ್ಟಿಯಲ್ಲಿ ಪೇರಿಸಿಡುವುದು. ಒಲೆ ಒಮ್ಮೆ ಹೊತ್ತಿದರೆ ಸಾಕು, ಕಟ್ಟಿಗೆ ಉಳಿಯುತ್ತದೆ. ಯುದ್ಧದ ಕಾಲ, ಚಿಮಣಿ ಎಣ್ಣೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಬೆಳಕಿರುವಾಗಲೇ ಉಂಡು, ಬೆಳಕಿರುವಾಗಲೇ ಓದಿ ಮುಗಿಸುವುದು. ಪುಂಡಿಪಲ್ಲೆಯ ದಂಟನ್ನು ಎಸೆಯದೆ ಬೇಳೆಯ ಜೊತೆ ಬೇಯಿಸುವುದು. ಸಣ್ಣದಾದ ಸಾಬೂನಿನ ಚೂರನ್ನು ಹೊಸದಕ್ಕೆ ಒತ್ತಿ ಅಂಟಿಸುವುದು. ನಮಗೆ ಕಷ್ಟವಾದದ್ದು ಮುಷ್ಟಿ ತೆಗೆಯುವುದು. ಅನ್ನ ಮಾಡುವ ದಿನ, ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕಬೇಕು. ಮೊದಲೇ ಹೆಚ್ಚು ಅಳೆದು ಆಮೇಲೆ ಹಿಡಿ ತೆಗೆದರೆ ಅದು ಉಳಿತಾಯವಲ್ಲ. ಅವ್ವ ಮೊದಮೊದಲು ಹಾಗೆಯೇ ಮಾಡುತ್ತಿದ್ದಳು. ಊಟ ಕಡಿಮೆಯಾದದ್ದು ತಿಳಿಯಬೇಕು, ಆದರೆ ಹಸಿವಾಗಬಾರದು. ಆ ನಡುವಿನ ಜಾಗ ಸಿಗಲು ಕೆಲವು ವಾರ ಬೇಕಾಯಿತು.

ಈಗ ಹೊಸದಾಗಿ ಮನೆ ಹೂಡಿದ ಗೆಳತಿಯರು ಕೇಳಿದರೆ ಇವನ್ನೇ ಹೇಳುತ್ತೇನೆ. ಇವೆಲ್ಲ ಮಾಡಬಹುದಾದ ಕೆಲಸಗಳು. ಯಾರೂ ನೋಡದಿರುವಾಗ ಇನ್ನೂ ಸುಲಭ.

ಕೊಟ್ಟ ಅಕ್ಕಿಗೆ ಬಂದ ಜೋಳದ ಚೀಲವನ್ನು ಅವ್ವ ಒಳಕೋಣೆಯಲ್ಲಿ ಕೌದಿಗಳ ಹಿಂದೆ ಇಟ್ಟಿದ್ದಳು. ನಾನು ಕಾರಣ ಕೇಳಿದಾಗ, "ನಾವು ಜ್ವಾಳ ತಿಂತೀವಿ ಅಂದ್ರ ಭಾವಾರು ಅಕ್ಕಿ ಕಡಿಮಿ ಕೊಟ್ಟಾರ ಅಂದಂಗ" ಎಂದಳು.

ಶ್ರಾವಣದಲ್ಲಿ ದೊಡ್ಡಪ್ಪ ಕಚೇರಿಯ ಕೆಲಸಕ್ಕೆಂದು ಕೊಪ್ಪಳಕ್ಕೆ ಬಂದರು, ಮಧ್ಯಾಹ್ನ ಊಟಕ್ಕೆ ಬರುವುದಾಗಿ ಹೇಳಿ ಕಳಿಸಿದರು. ಅವ್ವ ಮುಷ್ಟಿಯ ಗಡಿಗೆಯನ್ನು ಮೊರಕ್ಕೆ ಬಗ್ಗಿಸಿದಳು. ಸುಗ್ಗಿಯ ಮುಂಚಿನ ತಿಂಗಳುಗಳಿಗೆಂದು ಕೂಡಿಸಿದ್ದ ಅಕ್ಕಿ ಅದು. ಪಕ್ಕದ ಮನೆಯಿಂದ ತುಪ್ಪ ಬಂತು, ಹಪ್ಪಳ ಕರಿದಳು, ಶಾವಿಗೆ ಪಾಯಸ ಮಾಡಿದಳು.

"ಇಷ್ಟ್ಯಾಕ ಅವ್ವಾ? ರೊಟ್ಟಿ ಅದಾವಲ್ಲ" ಎಂದೆ.

"ಭಾವಾರಿಗೆ ರೊಟ್ಟಿ ಹಾಕ್ಲೇನು? ಸುಮ್ನಿರು."

ದೊಡ್ಡಪ್ಪ ನಿಧಾನವಾಗಿ ಉಂಡರು. ಎರಡನೆಯ ಸಲ ಅನ್ನ ಬಡಿಸಿಕೊಂಡರು. ಕೈ ತೊಳೆದು, ಧೋತರದ ಅಂಚಿಗೆ ಒರೆಸಿಕೊಳ್ಳುತ್ತ, ಪಡಸಾಲೆಯ ಮೂಲೆಯ ವಾಡೆಯ ಮುಚ್ಚಳ ತೆಗೆದು ಕೈ ಇಳಿಬಿಟ್ಟರು. ಅವರ ತೋಳು ಮೊಳಕೈ ದಾಟಿ, ಭುಜದವರೆಗೆ ಒಳಗೆ ಹೋಯಿತು.

"ಶ್ರಾವಣಕ್ಕ ತಳಾ ಹತ್ತೈತಿ" ಎಂದರು. "ನಿಮ್ಮವ್ವನ್ನ ಕೇಳು, ದಿನಾ ಹಿಂಗ ಅಡಗಿ ಮಾಡ್ತಾಳೇನು?"

ನಾನು ಹೊಸ್ತಿಲಿಗೆ ಹೋಗಿ ಕೇಳಿದೆ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು.

"ಅವರ ಆಶೀರ್ವಾದದಿಂದ ಏನೂ ಕಡಿಮಿ ಇಲ್ಲ ಅಂತ ಹೇಳು."

ದೊಡ್ಡಪ್ಪ ತಲೆಯಾಡಿಸಿದರು. "ಕಡಿಮಿ ಇಲ್ಲ, ಅದಕ್ಕ ಖಾಲಿ ಆಗೈತಿ. ನನ್ನ ತಮ್ಮನೂ ಹಿಂಗ ಇದ್ದ, ಕೈಗೆ ಬಂದದ್ದು ಬಾಯಿಗೆ. ಆತು ಮಗಳ, ಸಾಮಾನು ಕಟ್ರಿ ಅಂತ ಹೇಳು. ಮುಂದಿನ ವಾರ ಬಂಡಿ ಕಳಸ್ತೀನಿ."

ಅದನ್ನು ನಾನು ಅವ್ವನಿಗೆ ಹೇಳಲಿಲ್ಲ. ಒಳಕೋಣೆಗೆ ಹೋಗಿ ರೊಟ್ಟಿಯ ಬುಟ್ಟಿಯನ್ನು ತಂದು ಅವರ ಮುಂದಿಟ್ಟೆ.

"ನಾವು ಅನ್ನಾ ಮಾಡೂದು ಕಡಿಮಿ ದೊಡ್ಡಪ್ಪಾ. ಇದನ್ನ ತಿಂತೀವಿ. ಅಕ್ಕಿ ಕೊಟ್ಟು ಜ್ವಾಳ ತಂದೇವಿ, ಸುಗ್ಗಿ ತನಕ ಸಾಲತೈತಿ. ಚೀಲ ಒಳಗ ಐತಿ, ಬಂದು ನೋಡ್ರಿ."

ಬಾಗಿಲ ಹಿಂದೆ ಬಳೆಯ ಸದ್ದೂ ಇರಲಿಲ್ಲ, ಅವ್ವ ಆಗ ಬಳೆ ತೊಡುತ್ತಿರಲಿಲ್ಲ. ದೊಡ್ಡಪ್ಪ ಒಂದು ರೊಟ್ಟಿಯ ಮೂಲೆ ಮುರಿದು ಬಾಯಿಗೆ ಹಾಕಿಕೊಂಡರು. ಅಗಿಯುವ ಸದ್ದು ಕೇಳುತ್ತಿತ್ತು. ಅವರು ಚೀಲ ನೋಡಲು ಒಳಗೆ ಹೋಗಲಿಲ್ಲ.

"ಓಣಿಗೆಲ್ಲಾ ಗೊತ್ತೈತೇನು ಇದು?"

"ಪಕ್ಕದ ಮನಿಯವರಿಗೆ ಗೊತ್ತೈತ್ರಿ. ಅವರ ಕಲಿಸ್ಯಾರ."

"ಅಂದ್ರ ನಮ್ಮ ಮನಿ ಸೊಸಿ ಒಣಾ ರೊಟ್ಟಿ ಕಡಿದು ಬದುಕ್ಯಾಳ, ಭಾವ ನೋಡಲಿಲ್ಲ ಅಂತ ಕೊಪ್ಪಳದ ಮಂದಿ ಆಡಿಕೋಬೇಕು." ಅವರ ದನಿ ಏರಲಿಲ್ಲ. ನಿಜವಾಗಿ ಯೋಚಿಸುತ್ತಿದ್ದರು. ಅನ್ನ ಉಂಡರೆ ದುಂದು, ರೊಟ್ಟಿ ತಿಂದರೆ ಮನೆತನಕ್ಕೆ ಮಾತು. ಮೂರನೆಯದು ಇತ್ತೋ ಏನೋ, ನನಗೆ ಕಾಣಲಿಲ್ಲ.

ಅವರಿಗೆ ಕಂಡಿತು. "ನೀ ಇಲ್ಲೇ ಇರು. ನಿಮ್ಮ ಸಾಲ್ಯಾಗ ಕಲಿಸೋ ಅಕ್ಕೋರು ಹಳ್ಳಿ ಹುಡುಗ್ಯಾರನ್ನ ಮನ್ಯಾಗ ಇಟ್ಕೋತಾರಂತಲ್ಲ, ಅವರಿಗೆ ನಾ ಹೇಳ್ತೀನಿ. ಇದನ್ನ ತಿಂದು ಓದಾಕಿ ಅಂದ್ರ ಓದ್ತಿ. ಖರೆ ಈ ಮನಿ ಬ್ಯಾಡ. ನಿಮ್ಮವ್ವ ಗಂಗಾವತಿಗೆ ಬರಲಿ, ನಾಕು ಮಂದಿ ಕೂಡ ಇರಲಿ. ಹೇಳು."

ನಾನು ಹೊಸ್ತಿಲಿನತ್ತ ತಿರುಗಿದೆ. ಗಂಗಾವತಿಯ ಮನೆಯಲ್ಲಿ ಸೊಸೆಯಂದಿರ ಸಾಲು ಇತ್ತು. ಗಂಡನಿಲ್ಲದ ಸೊಸೆಯ ಜಾಗ ಯಾವುದೆಂದು ಅವ್ವನಿಗೂ ನನಗೂ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದಿನಿಂದ ಮಾತು ಬಂತು, ನನಗಲ್ಲ.

"ಬರ್ತೀನ್ರಿ ಭಾವಾರ. ಆಕಿ ಸಾಲಿ ಬಿಡಸಬ್ಯಾಡ್ರಿ."

ದೊಡ್ಡಪ್ಪ ಬಾಗಿಲಿನ ಕಡೆ ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. "ಹೂಂ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಬಂಡಿ ಬಂದ ದಿನ ಅವ್ವ ಪಾತ್ರೆಗಳನ್ನು ಬೂದಿ ಹಚ್ಚಿ ತಿಕ್ಕಿ ಕಟ್ಟಿದಳು. ಉಳಿದ ಜೋಳವನ್ನು ಪಕ್ಕದ ಮನೆಗೆ ಕೊಟ್ಟಳು. ದೊಡ್ಡಮ್ಮ, "ಈಗಷ್ಟ ರೊಟ್ಟಿ ದುಂಡಗ ಬರಾಕ್ಹತ್ತಿದ್ದುವಲ್ಲೇ ತಂಗಿ" ಎಂದು ಅತ್ತರು. ಅವ್ವ ಬಂಡಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ನನಗೆ ಜಡೆ ಬಿಗಿಯಾಗಿ ಹಾಕಿಕೊಳ್ಳಲು ಹೇಳಿದಳು. ಆ ಮಧ್ಯಾಹ್ನ ನಾನು ಸಾಲಿಗೆ ಹೋದೆ. ಪಾಠದಲ್ಲಿ ಏನೇನಿತ್ತೋ ಎಲ್ಲವನ್ನೂ ಬರೆದುಕೊಂಡೆ.

ಅಕ್ಕೋರ ಮನೆಗೆ ದೊಡ್ಡಪ್ಪ ತಪ್ಪದೆ ಅಕ್ಕಿ ಕಳಿಸಿದರು. ಸಾಲಿ ಮುಗಿಯುವವರೆಗೂ ಕಳಿಸಿದರು, ನಾನು ಹೈದರಾಬಾದಿನ ಕಾಲೇಜಿಗೆ ಸೇರಿದಾಗ ಅಲ್ಲಿಗೂ ಕಳಿಸಿದರು. ಅಲ್ಲಿ ದಿನವೂ ಎರಡು ಹೊತ್ತು ಅನ್ನ. ಬಡಿಸಿದಷ್ಟನ್ನು ಉಂಡು, ಎರಡನೆಯ ಸಲ ಹಾಕಿಸಿಕೊಳ್ಳದೆ ಏಳುತ್ತಿದ್ದೆ.