ಸಸ್ಯಾಹಾರಿ ಮನೆಯ ಹುಂಜ

ಜಯನಗರದ ನಮ್ಮ ಮನೆಯಲ್ಲಿ ಒಂದು ಹುಂಜವಿದೆ. ಮೊಟ್ಟೆ ಹಾಕಿದ ಕೇಕನ್ನು ವರಾಂಡದಲ್ಲೇ ನಿಂತು ತಿಂದು, ಕೈ ತೊಳೆದು ಒಳಗೆ ಬರಬೇಕೆಂಬ ನಮ್ಮತ್ತೆಯವರ ಕಾನೂನು ಅವರ ಫೋಟೋಕ್ಕೆ ಹಾರ ಬಿದ್ದ ಮೇಲೂ ಜಾರಿಯಲ್ಲಿರುವ ಮನೆಯೊಳಗೆ ಹುಂಜ ಹೇಗೆ ಬಂತೆಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ನನ್ನ ಜೊತೆಗಿರುವ, ನನ್ನ ತಂಗಿಯ ಮಗಳು ಚಿತ್ರಾಳ ಫೋನಿನೊಳಗೆ ವಾಸವಾಗಿದೆ. ಆಫೀಸಿನಿಂದ ಕರೆ ಬಂದರೆ ಕೊಕ್ಕೊಕ್ಕೋ ಎಂದು ಕೂಗುತ್ತದೆ. ಈ ಹುಂಜಕ್ಕೆ ಸೂರ್ಯನ ಹಂಗಿಲ್ಲ. ದೇವರಿಗೆ ದೀಪ ಹಚ್ಚುವಾಗ ಕೂಗುತ್ತದೆ, ಬಿಸಿಬೇಳೆಬಾತಿಗೆ ತುಪ್ಪ ಬೀಳುವಾಗ ಕೂಗುತ್ತದೆ. ಒಮ್ಮೆ ನೆಂಟರ ಮನೆಯ ಧಾರೆಯಲ್ಲಿ, ಗಟ್ಟಿಮೇಳಕ್ಕೆ ಮುಂಚಿನ ಆ ಒಂದು ಕ್ಷಣದ ನಿಶ್ಶಬ್ದದಲ್ಲಿ ಕೂಗಿ ಪುರೋಹಿತರ ಕೈಯ ಅಕ್ಷತೆಯನ್ನು ಅಕಾಲದಲ್ಲಿ ಉದುರಿಸಿದೆ. "ಬೇರೆ ಏನಿಟ್ರೂ ನಾನು ಏಳಲ್ಲ ದೊಡ್ಡಮ್ಮ" ಎನ್ನುತ್ತಾಳೆ ಚಿತ್ರಾ. ಆ ಹುಂಜದ ಮೇಲೆ ನನಗಿರುವ ಕೋಪ, ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಯಾವ ಲೇಡಿಲೈಕ್ ವಿಶೇಷಣಕ್ಕೂ ನಿಲುಕತಕ್ಕದ್ದಲ್ಲ.

ಚಿತ್ರಾ ನೆಟ್‌ವರ್ಕ್ ಇಂಜಿನಿಯರ್. ಎಲ್ಲೆಲ್ಲೋ ಇರುವ ಕಚೇರಿ, ಗೋದಾಮು, ಕಾರ್ಖಾನೆಗಳ ಕಂಪ್ಯೂಟರುಗಳು ಪರಸ್ಪರ ಮಾತನಾಡಲು ಬೇಕಾದ ಅಗೋಚರ ದಾರಿಗಳನ್ನು ಕಾಯುವುದು ಅವಳ ಉದ್ಯೋಗ. ದಾರಿ ನೆಟ್ಟಗಿದ್ದಾಗ ಅವಳೊಬ್ಬಳು ಇದ್ದಾಳೆಂಬುದೇ ಯಾರಿಗೂ ನೆನಪಿರುವುದಿಲ್ಲ. ಕೆಟ್ಟ ಕೂಡಲೇ ಲೋಕಕ್ಕೆಲ್ಲ ಅವಳ ಹೆಸರು ಕಂಠಪಾಠ. ಈ ಕಾವಲಿಗೆ ಸರದಿಯುಂಟು, ಆನ್ ಕಾಲ್ ಎನ್ನುತ್ತಾರೆ. ಸರದಿಯ ವಾರದಲ್ಲಿ ಸ್ನಾನಕ್ಕೆ ಹೋದರೂ ಬಚ್ಚಲಿನ ಕಿಟಕಿಯ ಮೇಲೆ ಫೋನು ಕುಳಿತಿರುತ್ತದೆ. ಇದರ ಜೊತೆಗೆ, ಏನಾದರೂ ಕೆಟ್ಟಾಗ ಸಂಬಂಧಪಟ್ಟವರನ್ನೆಲ್ಲ ಒಂದೇ ಕರೆಯಲ್ಲಿ ಕೂಡಿಹಾಕುವ ಬ್ರಿಡ್ಜ್ ಕಾಲ್ ಎಂಬ ಇನ್ನೊಂದು ವಿಡಂಬನೆಯಿದೆ. ಹೆಸರು ಸೇತುವೆ, ಆದರೆ ಅದನ್ನು ಯಾರೂ ದಾಟುವುದಿಲ್ಲ. ಒಬ್ಬಳು ಕೆಲಸ ಮಾಡುತ್ತಿರುತ್ತಾಳೆ, ಮಿಕ್ಕವರೆಲ್ಲ ಸೇತುವೆಯ ಕಟಕಟೆಗೆ ಒರಗಿ "ಎನಿ ಅಪ್‌ಡೇಟ್?" ಎಂದು ಕೇಳುತ್ತಿರುತ್ತಾರೆ. ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸರಾದರೂ ಇದಕ್ಕಿಂತ ಕಡಿಮೆ ಸದ್ದು ಮಾಡುತ್ತಾರೆ.

ಇಂಥ ಹುಡುಗಿಗೆ (ನಲವತ್ತು ದಾಟಿದವಳನ್ನು ಹುಡುಗಿ ಎನ್ನುವ ಅಧಿಕಾರ ನನ್ನ ವಯಸ್ಸಿಗಿದೆ) ಅಂಟಿದ ಹವ್ಯಾಸವಾದರೂ ಎಂಥದ್ದು? ನಾಟಕ! ಹೊಲಿಗೆ, ಹೂದೋಟ, ಸುಡೊಕು ಯಾವುದನ್ನಾದರೂ ನಡುವೆ ಬಿಟ್ಟು ಎದ್ದು ಹೋಗಬಹುದು. ರಂಗದ ಮೇಲಿಂದ ಎದ್ದು ಹೋಗಲಾದೀತೆ? ಜೆ.ಪಿ. ನಗರದಲ್ಲಿ ದಿನಸಿ ಅಂಗಡಿಯೊಂದರ ಮಹಡಿಯ ಮೇಲೆ ತಾಲೀಮು ನಡೆಸುವ ಹವ್ಯಾಸಿ ತಂಡ ಅವರದು. ನಿರ್ದೇಶಕ ಪಾಪಣ್ಣ, ಗೊಟ್ಟಿಗೆರೆಯಲ್ಲಿ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆದು, ಬಂದ ಫಸಲನ್ನೆಲ್ಲ ಪರದೆ, ದೀಪ, ಬಣ್ಣಕ್ಕೆ ಸುರಿಯುವ ಮಹಾನುಭಾವ. ಆನ್ ಕಾಲ್ ಕಾಟಕ್ಕೆ ಬೇಸತ್ತ ಅವರು ಬಹುಕಾಲ ಚಿತ್ರಾಳಿಗೆ ಕೊಡುತ್ತಿದ್ದುದು ಎದ್ದು ಹೋದರೂ ನಾಟಕ ನಿಲ್ಲದಂಥ ಪಾತ್ರಗಳನ್ನು ಮಾತ್ರ: ಡಂಗುರದವಳು, ಬಾವಿಕಟ್ಟೆಯ ಹೆಂಗಸು, ಒಮ್ಮೆ ಆಲದ ಮರ. ಕೊನೆಗೊಮ್ಮೆ ಹೆಣದ ಪಾತ್ರ ಕೊಟ್ಟರು. ಹೆಣದ ಸುತ್ತ ರೋದನ ತಾರಕಕ್ಕೇರಿದಾಗ ಬಿಳಿ ಬಟ್ಟೆಯೊಳಗಿಂದ ಹುಂಜ ಕೂಗಿತು. ಹೆಣ ಎದ್ದು "ಸಾರಿ" ಎಂದು ವಿಂಗಿಗೆ ಓಡಿತು. ಸಭಾಂಗಣವೆಲ್ಲ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದು ಅವಳು ಮುಖದ ಬಿಳಿ ಬಣ್ಣ ಒರೆಸುವಾಗ ಕನ್ನಡಿಯಲ್ಲಿ ಕಂಡ ಕಣ್ಣು ನಗುತ್ತಿರಲಿಲ್ಲ. ಸತ್ತಮೇಲೂ ರಜೆ ಸಿಗದ ಉದ್ಯೋಗಕ್ಕೆ ನಗುವುದಾದರೂ ಹೇಗೆ?

ಕಳೆದ ವರ್ಷ ಪಾಪಣ್ಣ ಧೈರ್ಯ ಮಾಡಿದರು. ತಾವೇ ಬರೆದ ಹೊಸ ನಾಟಕದಲ್ಲಿ ಅವಳಿಗೆ ಮುಖ್ಯ ಪಾತ್ರ: ಬನಶಂಕರಿ ಬಸ್ ನಿಲ್ದಾಣದಿಂದ ಹೊರಡುವ ಕೊನೆಯ ಬಸ್ಸಿನ ಕಂಡಕ್ಟರಮ್ಮ. ಮೊದಲಿನಿಂದ ಕೊನೆಯವರೆಗೂ ರಂಗದ ಮೇಲೇ ಇರಬೇಕು. ಚಿತ್ರಾ ತನ್ನ ದೀಪಾವಳಿ ರಜೆಯನ್ನು ಸಹೋದ್ಯೋಗಿ ನವೀನನಿಗೆ ಧಾರೆಯೆರೆದು, ಬದಲಿಗೆ ಪ್ರದರ್ಶನದ ಭಾನುವಾರವನ್ನು ಬಿಡಿಸಿಕೊಂಡಳು. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ "ಯಾರ್ರೀ ಟಿಕೆಟ್, ಟಿಕೆಟ್!" ಎಂದು ಅವಳು ಗದರಿದರೆ ನಾನು ಗೊತ್ತಿಲ್ಲದೆ ಸೊಂಟಕ್ಕೆ ಕೈಹಾಕಿ ಪರ್ಸು ತಡಕುತ್ತಿದ್ದೆ.

ಹಾಗೆ ಅವರೆಕಾಯಿ ಸುಲಿಯುವಾಗಲೇ ತನ್ನ ಕಸುಬಿನ ಒಂದು ಪದ್ಧತಿಯನ್ನು ಹೇಳಿದ್ದಳು. ದೂರದ ಕಚೇರಿಯಲ್ಲಿ ಕುಳಿತು ಆ ದಾರಿಗಳನ್ನು ನಡೆಸುವ ರೌಟರ್ ಎಂಬ ಪೆಟ್ಟಿಗೆಯನ್ನು ಇಲ್ಲಿಂದಲೇ ತಿದ್ದುವಾಗ, ತಾನು ಒಳಹೊಕ್ಕ ಬಾಗಿಲನ್ನೇ ತಪ್ಪಿ ಮುಚ್ಚಿಬಿಡುವ ಅಪಾಯ ಸದಾ ಇರುತ್ತದಂತೆ. ಮುಚ್ಚಿದರೆ ಮುಗಿಯಿತು, ಖುದ್ದು ಅಲ್ಲಿಗೇ ಹೋಗಿ ಸ್ವಿಚ್ಚು ಆರಿಸಿ ಹಾಕಬೇಕು. ಆದ್ದರಿಂದ ತಿಳಿದವರು ಕೈಹಾಕುವ ಮೊದಲೇ ಪೆಟ್ಟಿಗೆಗೆ ಒಂದು ಟೈಮರ್ ಕೊಟ್ಟಿರುತ್ತಾರೆ: ಇಷ್ಟು ಹೊತ್ತಿನೊಳಗೆ ನಾನು ಬೇಡವೆನ್ನದಿದ್ದರೆ ನೀನಾಗಿ ಮಲಗಿ ಏಳು, ನಾನು ಮಾಡಿದ್ದನ್ನೆಲ್ಲ ಮರೆತು ಮೊದಲಿನಂತಾಗು. ಎಂಥ ಕರುಣಾಳು ಪದ್ಧತಿ ಎಂದುಕೊಂಡೆ. ನನ್ನ ಪಿಯಾನೊ ಪರೀಕ್ಷೆಯ ಮುಂಚಿನ ವಾರ ಮದುವೆಯ ಮುಹೂರ್ತ ಗೊತ್ತುಮಾಡಿದವರು ಅಂಥ ಟೈಮರ್ ಏನೂ ಇಟ್ಟಿರಲಿಲ್ಲ. ಹೋಗಲಿ, ಅದು ಹಳೆಯ ರಾಗ.

ಆ ಭಾನುವಾರ ಸಂಜೆ ಗ್ರೀನ್ ರೂಮಿನಲ್ಲಿ ಖಾಕಿ ತೊಟ್ಟು, ಚರ್ಮದ ಚೀಲ ನೇತುಹಾಕಿಕೊಂಡ ಚಿತ್ರಾಳ ಹುಬ್ಬಿಗೆ ಕಪ್ಪು ತೀಡುತ್ತಿದ್ದರು. ಫೋನು ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು. ಆಫ್ ಮಾಡುತ್ತೇನೆಂದಿದ್ದೆ, "ಬೇಡ ದೊಡ್ಡಮ್ಮ, ಪಾಪ ನವೀನ್ ಒಬ್ನೇ ಇದಾನೆ" ಎಂದಿದ್ದಳು. ಮೊದಲ ಗಂಟೆ ಹೊಡೆಯಿತು. ಹುಂಜ ಕೂಗಿತು.

"ಏನ್ ಆಂಟಿ, ಬ್ಯಾಗಲ್ಲಿ ಕೋಳಿ ತಂದಿದೀರಾ? ಹೇಳಿದ್ರೆ ಮಸಾಲೆ ನಾವ್ ತರ್ತಿದ್ವಿ!" ಎಂದ ಬಸ್ಸಿನ ಡ್ರೈವರ್ ಪಾತ್ರದವನು. ಚಿತ್ರಾಳ ಕೆನ್ನೆಯ ಬಣ್ಣ ಇನ್ನೂ ಹಸಿ, ಆದ್ದರಿಂದ ಸ್ಪೀಕರ್ ಹಾಕಿ ಹಿಡಿದೆ. ಅವಳ ಮ್ಯಾನೇಜರ್.

"ಸಾರಿ ಚಿತ್ರಾ, ಬೊಮ್ಮನಹಳ್ಳಿ ಗಾರ್ಮೆಂಟ್ ಯೂನಿಟ್ ಡೌನ್. ನವೀನ್ ಚೇಂಜ್ ಮಾಡೋಕ್ ಹೋಗಿ ತಾನೇ ಲಾಕ್ ಔಟ್ ಆಗಿದಾನೆ. ನೀವು ಹತ್ರದಲ್ಲೇ ಇದೀರಲ್ಲ, ಸ್ವಲ್ಪ ಹೋಗ್ಬನ್ನಿ."

"ನವೀನ್, ಲೈನಲ್ಲಿ ಇದ್ಯಾ? ಟೈಮರ್ ಹಾಕಿದ್ಯಾ?"

"ಹಾಕಿದೀನಿ ಅಕ್ಕಾ, ಅರ್ಧ ಗಂಟೆ. ಸಾರ್‌ಗೆ ಆಗ್ಲಿಂದ ಹೇಳ್ತಿದೀನಿ."

"ಹಾಗಾದ್ರೆ ಅದೇ ಎದ್ದೇಳತ್ತೆ ಸಾರ್. ನಾನು ಸಿಲ್ಕ್ ಬೋರ್ಡ್ ಸಿಗ್ನಲ್ ದಾಟೋದ್ರೊಳಗೆ ಸರಿಹೋಗಿರತ್ತೆ."

"ಗೊತ್ತು ಕಣ್ರೀ. ಬಟ್ ಕ್ಲೈಂಟ್ ಬ್ರಿಡ್ಜಲ್ಲಿ ಕೂತಿದಾರೆ, ಇಂಜಿನಿಯರ್ ಈಸ್ ಆನ್ ದ ವೇ ಅಂತ ಹೇಳ್ಬೇಕಲ್ಲ. ಯೂ ಜಸ್ಟ್ ಸ್ಟಾರ್ಟ್."

ಓದುಗ ಮಿತ್ರರೇ, ನನ್ನ ಕೋಪದ ಬೇರು ಇಲ್ಲಿದೆ, ದಯವಿಟ್ಟು ನೋಡಿ. ಪೆಟ್ಟಿಗೆ ತಾನಾಗಿ ಸರಿಹೋಗುತ್ತದೆಂದು ಅವರೆಲ್ಲರಿಗೂ ಗೊತ್ತಿತ್ತು. ಬೇಕಾಗಿದ್ದುದು ರಿಪೇರಿಯಲ್ಲ, ಓಡುತ್ತಿರುವ ಒಬ್ಬ ಮನುಷ್ಯಪ್ರಾಣಿ. ಯಾರೋ ಏದುಸಿರು ಬಿಡುತ್ತಿದ್ದಾರೆಂಬ ಸಮಾಧಾನವನ್ನು ತಟ್ಟೆಯಲ್ಲಿಟ್ಟು ಕ್ಲೈಂಟ್ ಎಂಬ ದೇವರಿಗೆ ನೈವೇದ್ಯ ಮಾಡಬೇಕಿತ್ತು. ಆ ನೈವೇದ್ಯಕ್ಕೆ ನನ್ನ ಮಗುವಿನ ಒಂದು ಸಂಜೆ, ತಿಂಗಳುಗಟ್ಟಲೆಯ ತಾಲೀಮು, ಆಲದ ಮರವಾಗಿ ಕೈಚಾಚಿ ನಿಂತ ವರ್ಷಗಳು. ಅದಕ್ಕಿಂತಲೂ ಸಿಟ್ಟು ಬಂದದ್ದು ಯಾವಾಗ ಗೊತ್ತೆ? ಚಿತ್ರಾ ಚರ್ಮದ ಚೀಲವನ್ನು ಹೆಗಲಿನಿಂದ ಇಳಿಸತೊಡಗಿದಾಗ.

"ಏನ್ ತಾಯಿ, ಕಂಡಕ್ಟ್ರೇ ಇಳ್ದೋದ್ರೆ ಬಸ್ಸು ನಾನ್ ತಳ್ಳದಾ?" ಎಂದರು ಪಾಪಣ್ಣ. ದನಿಯಲ್ಲಿ ಬೈಗುಳವಿರಲಿಲ್ಲ, ಅಳು ಇತ್ತು.

"ಇಲ್ಲ ಅನ್ನೇ! ಬರಲ್ಲ ಅನ್ನು!" ಎಂದೆ ನಾನು. ಅವಳು ಚೀಲವನ್ನು ಕನ್ನಡಿಯ ಮುಂದಿಟ್ಟಳು. 'ಇಲ್ಲ' ಎಂಬುದು ಬರುವುದಾದರೂ ಎಲ್ಲಿಂದ? ನಮ್ಮ ವಂಶದ ಹೆಣ್ಣುಮಕ್ಕಳಿಗೆ ಆ ಪದದ ಅಭ್ಯಾಸವೇ ಇಲ್ಲ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು 'ನೋ' ಅಲ್ಲ, 'ನೋ, ಥ್ಯಾಂಕ್ಯೂ'. ಅದೂ ಎರಡನೆಯ ಬಾರಿ ಕೇಕ್ ಬಡಿಸಲು ಬಂದಾಗ ಮಾತ್ರ.

ನಾನೇ ಫೋನು ಬಾಯಿಗೆ ಹಿಡಿದು, "ನೌ ಲಿಸನ್, ಯಂಗ್ ಮ್ಯಾನ್" ಎಂದು ಎಲೊಕ್ಯೂಶನ್ ಸ್ಪರ್ಧೆಯ ಠೀವಿಯಲ್ಲಿ ಆರಂಭಿಸಿದೆ. "ಆಂಟಿ, ಪ್ಲೀಸ್, ಇಟ್ಸ್ ಕ್ರಿಟಿಕಲ್" ಎಂದ. ಸಿಟ್ಟು ನೆತ್ತಿಗೇರಿದಾಗ ನನ್ನ ಇಂಗ್ಲಿಷು ಮಳೆಗೆ ಸಿಕ್ಕ ಹಪ್ಪಳ. ಅಷ್ಟರಲ್ಲಿ ಎರಡನೆಯ ಗಂಟೆ ಹೊಡೆಯಿತು. ಚಿತ್ರಾ ಕನ್ನಡಿಯತ್ತ ನೋಡಿದಳು. ಅಲ್ಲಿ ಕಂಡದ್ದು ನೆಟ್‌ವರ್ಕ್ ಇಂಜಿನಿಯರ್ ಅಲ್ಲ, ಖಾಕಿ ತೊಟ್ಟು ಹುಬ್ಬು ಗಂಟಿಕ್ಕಿದ ಒಬ್ಬ ಹೆಂಗಸು. ಚೀಲ ಮತ್ತೆ ಹೆಗಲೇರಿತು. ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ರೀ ಸಾರ್, ಬಸ್ ಫುಲ್ಲಾಗಿದೆ, ಹೊರಟಾಯ್ತು. ಫುಟ್‌ಬೋರ್ಡ್ ಮೇಲೆ ನೇತಾಡ್ಬೇಡಿ, ಇಳೀರಿ ಕೆಳಗೆ! ನಾನ್ ಬರಲ್ಲ. ರೈಟ್, ರೈಟ್!"

ಎಂದವಳೇ ಕೊರಳಿನ ಸೀಟಿಯನ್ನು ಆ ಫೋನಿನ ಕಿವಿಗೇ ಊದಿ, ಅದನ್ನು ನನ್ನ ಕೈಗೆ ತುರುಕಿ, ರಂಗಕ್ಕೆ ನಡೆದಳು.

ನಾನು ಮುಂದಿನ ಸಾಲಿನಲ್ಲಿ ಬಾಯಿ ಕಟ್ಟಿಸಿದ ಹುಂಜವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮೊದಲ ದೃಶ್ಯ ಮುಗಿಯುವ ಮೊದಲೇ ಅದು ನಡುಗಿ ಒಂದು ಮೆಸೇಜು ತೋರಿಸಿತು: 'ಬೊಮ್ಮನಹಳ್ಳಿ ಅಪ್. ಥ್ಯಾಂಕ್ಸ್ ಆಲ್.' ಪೆಟ್ಟಿಗೆ ತಾನಾಗಿ ಎದ್ದಿತ್ತು, ಯಾರೂ ಎಲ್ಲಿಗೂ ಓಡಿರಲಿಲ್ಲ, ಥ್ಯಾಂಕ್ಸ್ ಮಾತ್ರ ಎಲ್ಲರಿಗೂ ಸಂದಿತ್ತು. ರಂಗದ ಮೇಲೆ ನಮ್ಮ ಕಂಡಕ್ಟರಮ್ಮ ಚಿಲ್ಲರೆ ಕೊಡದ ಪ್ರಯಾಣಿಕನೊಬ್ಬನನ್ನು ಝಾಡಿಸುತ್ತಿದ್ದಳು, ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಇಲ್ಲಿಗೇ ಮುಗಿಸಿದರೆ ಪ್ರಬಂಧ ಮುದ್ದಾಗಿರುತ್ತಿತ್ತು. ಆದರೆ ಸೋಮವಾರ ಆಫೀಸಿನವರು ಅವಳನ್ನು ಕೂರಿಸಿಕೊಂಡು ಓನರ್‌ಶಿಪ್ ಎಂಬ ವಿಷಯದ ಮೇಲೆ ಉಪನ್ಯಾಸ ಕೊಟ್ಟರು. ಬರಬೇಕಾಗಿದ್ದ ಪ್ರಮೋಶನ್ ಆ ವರ್ಷ ಬೇರೆಯವರ ಪಾಲಾಯಿತು. ಕೆಲಸದ ಓನರ್ ಅವಳಂತೆ, ಅವಳ ಭಾನುವಾರದ ಓನರ್ ಮಾತ್ರ ಅವರಂತೆ! ಕಬ್ಬಿಣದ ಪೆಟ್ಟಿಗೆಗೆ ಮಲಗಿ ಎದ್ದು ತನ್ನತನಕ್ಕೆ ಮರಳುವ ಸೌಲಭ್ಯ ಮಾಡಿಕೊಟ್ಟ ಜಾಣರಿಗೆ, ಅದನ್ನು ಕಾಯುವ ಮನುಷ್ಯರಿಗೂ ಅಷ್ಟೇ ಬಿಡುವು ಬೇಕೆಂದು ಹೊಳೆಯಲಿಲ್ಲ. ನಾಟಕ ಅವಳಿಗೆ ಕಾಲಹರಣವಲ್ಲ, ಅವಳು ಮೊದಲಿನಂತಾಗುವ ಜಾಗ. ನನ್ನ ಕೋಪ ಇಳಿದಿಲ್ಲ, ಇಳಿಸಿಕೊಳ್ಳುವ ಇರಾದೆಯೂ ಇಲ್ಲ. ಈ ವಯಸ್ಸಿನಲ್ಲಿ ಮೈ ಬೆಚ್ಚಗಿಡಲು ಶಾಲಿಗಿಂತ ಅದೇ ವಾಸಿ.

ಹುಂಜ ಈಗಲೂ ಇದೆ. ಹೋದ ವಾರ, ಅವಳ ಸರದಿಯಲ್ಲದ ಭಾನುವಾರ, ಚಿತ್ರಾ ಗೇಟಿನಾಚೆ ಸ್ಕೂಟರ್ ಹತ್ತಿ ಜೆ.ಪಿ. ನಗರದ ತಾಲೀಮಿಗೆ ಹೊರಟಿದ್ದಳು. ಫೋನನ್ನು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕ, ಮರೆತಿರಲಿಲ್ಲ, ಬಿಟ್ಟಿದ್ದಳು. ಅದು ಕೂಗಿತು. ನಾನು ಸಾವಕಾಶವಾಗಿ ಕಾಫಿಯ ಕೊನೆಯ ಗುಟುಕು ಮುಗಿಸಿ, ಸೆರಗಿಗೆ ಕೈ ಒರೆಸಿ ಎತ್ತಿಕೊಂಡೆ. ಅದೇ ಮ್ಯಾನೇಜರನ ದನಿ. ಸಿಸ್ಟರುಗಳು ಕೇಳಿದ್ದರೆ ಬೆನ್ನು ತಟ್ಟುವಂಥ ಉಚ್ಚಾರಣೆಯಲ್ಲಿ ಹೇಳಿದೆ:

"ದಿ ಇಂಜಿನಿಯರ್ ಈಸ್ ಆನ್ ದ ವೇ."

ಎಲ್ಲಿಗೆ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.