ತಾಟು ತೊಳೆದ ನೀರು

ನಾನು ಓದಿ ಬ್ಯಾರಿಸ್ಟರ್ ಆದೆ ಎಂದು ಕಲಬುರ್ಗಿಯ ಕಚೇರಿಯಲ್ಲಿ ಎಲ್ಲರೂ ನಂಬಿದ್ದಾರೆ. ಅದು ಅರ್ಧ ಮಾತ್ರ ನಿಜ. ಇನ್ನರ್ಧ ಆದದ್ದು ಉಂಡು. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಲು ಓದಿದರಷ್ಟೇ ಸಾಲದು. ವಕೀಲರ ದೊಡ್ಡ ಪಡಸಾಲೆಯಲ್ಲಿ ಕರಿಯ ನಿಲುವಂಗಿ ತೊಟ್ಟು, ವರ್ಷಕ್ಕೆ ಇಂತಿಷ್ಟು ಊಟ ಎಂದು ಉಂಡು ಮುಗಿಸಲೇಬೇಕು. ಊಟ ತಪ್ಪಿದರೆ ವಕೀಲಿಯ ಸನದು ಇಲ್ಲ. ಮಾತಾಡುವ ವೃತ್ತಿಗೆ ಬಾಯಿಯ ಪರೀಕ್ಷೆ ಇರುವುದು ಸರಿಯೇ ಎಂದು ಆಗ ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೆ.

ಹೊರಡುವ ಮುಂಚೆ ನಮ್ಮೂರು ಕಮಲಾಪುರದಲ್ಲಿ ಇದನ್ನು ಆಯಿಗೆ ವಿವರಿಸಿದೆ. ಆಯಿ ಎಂದರೆ ನನ್ನ ತಂದೆಯ ತಾಯಿ, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಅವಳು ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಉಂಡು ವಕೀಲ ಆಗೂದಿದ್ರ ನಿಮ್ಮ ಕಾಕಾ ಇಷ್ಟೊತ್ತಿಗಿ ಜಡ್ಜ ಆಗಬೇಕಿತ್ತಲ್ಲೋ!"

ನಕ್ಕ ಮೇಲೆ ಅವಳು ಒಂದೇ ಒಂದು ಷರತ್ತು ಹಾಕಿದಳು. ನಮ್ಮ ಲಿಂಗವಂತರ ಮನೆಗಳಲ್ಲಿ ಊಟವಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನು ಕುಡಿಯುವ ಪದ್ಧತಿ ಉಂಟು. ಉಂಡದ್ದು ಪ್ರಸಾದ, ಒಂದು ಅಗುಳೂ ಚೆಲ್ಲಬಾರದು.

"ಎಲ್ಲಿ ಕುಂತು ಉಂಡ್ರೂ ತಾಟ ತೊಳದು ಕುಡಿ. ನೀ ಅಷ್ಟು ಮಾಡ್ತಿ ಅಂತ ಗೊತ್ತಿದ್ರ ನನಗ ಇಲ್ಲಿ ತುತ್ತು ಇಳೀತದ," ಅಂದಳು. ನಾನು ಆಗಲಿ ಅಂದೆ. ಇಪ್ಪತ್ತರ ವಯಸ್ಸಿನಲ್ಲಿ ಆಗಲಿ ಅನ್ನುವುದು ಬಹಳ ಸುಲಭ.

ಲಂಡನ್ನಿನಲ್ಲಿ ನಾನು ಪರದೇಶಿ ವಿದ್ಯಾರ್ಥಿ. ಹೆಸರು ಬರೆದುಕೊಳ್ಳುವ ಗುಮಾಸ್ತ ಯಾವ ದೇಶ ಎಂದಾಗ ನಿಜಾಮರ ಸೀಮೆ ಎಂದೆ. ಅದು ಹಿಂದುಸ್ತಾನದ ಒಳಗೋ ಹೊರಗೋ ಎಂದು ಅವನು ಕೇಳಿದ. ಅದನ್ನು ಒಂದೇ ಮಾತಿನಲ್ಲಿ ಹೇಳುವಷ್ಟು ಕಾನೂನು ನನಗೆ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ.

ಮೊದಲ ಊಟದ ದಿನ ಬೇಯಿಸಿದ ಬಟಾಟೆ, ಎಲೆಕೋಸು ಮುಗಿಸಿದೆ. ಕೊಟ್ಟ ಮಾತಿನಂತೆ ಗ್ಲಾಸಿನ ನೀರನ್ನು ತಾಟಿಗೆ ಸುರಿದು, ಬೆರಳಾಡಿಸಿ, ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿದುಬಿಟ್ಟೆ. ತಾಟು ಕೆಳಗಿಳಿಸಿ ನೋಡಿದರೆ ನಮ್ಮ ಸಾಲಿನ ಚಮಚೆಗಳೆಲ್ಲ ನಿಂತಿದ್ದವು. ಪಕ್ಕದವನು, ಪಾಪ, ಒಳ್ಳೆಯ ಹುಡುಗ, ಇದು ಔಷಧವೇ ಎಂದು ಮೆತ್ತಗೆ ಕೇಳಿದ. ಹೌದು, ವೈದ್ಯರು ಹೇಳಿದ್ದಾರೆ ಎಂದೆ. ಸಾಕ್ಷ್ಯದ ಕಾನೂನು ಕಲಿಯಲು ಹೋದವನು ಮೊದಲು ನುಡಿದದ್ದೇ ಸುಳ್ಳು ಸಾಕ್ಷಿ.

ಎರಡನೆಯ ಊಟದಿಂದ ವೈದ್ಯರ ಔಷಧ ನಿಂತಿತು. ಎಲ್ಲರಂತೆ ಚೂರಿ ಚಮಚೆಗಳನ್ನು ಜೋಡಿಸಿಟ್ಟು ಹಿಂದಕ್ಕೆ ಒರಗಿ ಕೂರುವುದನ್ನು ಕಲಿತೆ. ಆದರೆ ಊರಿಗೆ ಬರೆದ ಒಂದೊಂದು ಕಾಗದದಲ್ಲೂ, "ತಾಟು ತೊಳೆದು ಕುಡಿಯುತ್ತಿದ್ದೇನೆಂದು ಆಯಿಗೆ ಹೇಳುವುದು" ಎಂಬ ಸಾಲು ತಪ್ಪಲಿಲ್ಲ. ಶಾಲೆಯ ಮಾಸ್ತರರು ಅದನ್ನು ಅವಳಿಗೆ ಓದಿ ಹೇಳುತ್ತಿದ್ದರು. ಬರೆಯುವಾಗ ನಾಚಿಕೆಯಾಗುತ್ತಿತ್ತು, ಆದರೂ ಅವಳಿಗೆ ತುತ್ತು ಇಳಿಯಬೇಕಲ್ಲ.

ಮೂರು ವರ್ಷದ ಮೇಲೆ ಕಲಬುರ್ಗಿ ಟೇಶನ್ನಿನಲ್ಲಿ ಇಳಿದೆ. ಚಕ್ಕಡಿ ಕಮಲಾಪುರ ಮುಟ್ಟುವ ಹೊತ್ತಿಗೆ ಆಯಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯೆಂಬ ಖಾರದ ಪುಡಿ, ನಮ್ಮೂರ ಕೆಂಪು ಬಾಳೆಹಣ್ಣು ಎಲ್ಲ ಇಟ್ಟುಕೊಂಡು ಕಾಯುತ್ತಿದ್ದಳು. ನಾಲ್ಕು ರೊಟ್ಟಿ ಉಂಡೆ. ಉಂಡು, ಹಾಯಾಗಿ, ಹಿಂದಕ್ಕೆ ಗೋಡೆಗೆ ಒರಗಿದೆ.

ಆಯಿ ನೀರಿನ ತಂಬಿಗೆಯನ್ನು ಎರಡು ಬೆರಳಿನಷ್ಟು ನನ್ನ ಕಡೆ ಸರಿಸಿದಳು. ದಡಬಡಿಸಿ ತಂಬಿಗೆ ಎತ್ತಿಕೊಂಡು, "ದಣಿದಿದ್ದೆ ಆಯಿ, ಮರೆತುಬಿಟ್ಟೆ" ಎಂದೆ.

"ಇವತ್ತು ಮರತಿಲ್ಲಪ್ಪಾ. ಮೂರನೇ ಕಾಗದ ಬಂದಾಗೇ ನನಗ ಗೊತ್ತಾಯ್ತು."

"ಹ್ಯಾಂಗ?"

"ಜಳಕಾ ಮಾಡೀನಿ ಅಂತ ಒಂದರ ಕಾಗದದಾಗ ಬರದೀಯೇನು? ಹಲ್ಲು ತಿಕ್ಕೀನಿ ಅಂತ? ದಿನಾ ಮಾಡೋದು ಯಾರೂ ಬರಿಯಂಗಿಲ್ಲ. ತಾಟಿಂದು ಮಾತ್ರ ಎಲ್ಲಾ ಕಾಗದದಾಗೂ ಬರದಿ."

ದೊಡ್ಡ ದೊಡ್ಡ ನ್ಯಾಯವಾದಿಗಳ ಪಾಟೀಸವಾಲು ಕೇಳಿ ಬಂದಿದ್ದೆ. ಇಷ್ಟು ಚೊಕ್ಕಟವಾಗಿ ಯಾರೂ ಯಾರನ್ನೂ ಕಟ್ಟಿಹಾಕಿದ್ದು ನೋಡಿರಲಿಲ್ಲ. ಅಪರಾಧಿ ತಲೆ ತಗ್ಗಿಸಿ, ಉಳಿದಿದ್ದ ಒಂದೇ ಪ್ರಶ್ನೆ ಕೇಳಿದ: "ಮತ್ತ ನಿನಗ ತುತ್ತು ಹ್ಯಾಂಗ ಇಳೀತು ಆಯಿ?"

"ಇಳೀತು. ಅಷ್ಟು ದೂರ ಹೋದ್ರೂ ನನಗ ಅಂಜಿ ಸುಳ್ಳ ಬರೀತಾನಲ್ಲ, ಕೂಸು ಇನ್ನಾ ನಂದೇ ಅದ ಅಂತ ಉಂಡೆ."

ನಾನು ತಾಟು ತೊಳೆದು ಕುಡಿದೆ. ನೀರಿಗೆ ಖಾರದ ರುಚಿಯಿತ್ತು, ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಅದು ಹಿಂಡಿಯದೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ಈಗ ಇಂಗ್ಲಿಷಿನಲ್ಲಿ ಕಲಿತ ಕಾನೂನನ್ನು ಕಲಬುರ್ಗಿಯಲ್ಲಿ ಉರ್ದುವಿನಲ್ಲಿ ವಾದಿಸುತ್ತೇನೆ. ಕೇಳದೆ ಇದ್ದರೂ ಒಂದೇ ಮಾತನ್ನು ಮೂರು ಸಲ ಹೇಳುವ ಸಾಕ್ಷಿಯನ್ನು ಕಂಡರೆ ಆಯಿಯ ತಂಬಿಗೆಯಂತೆ ಪ್ರಶ್ನೆಯೊಂದನ್ನು ಮೆಲ್ಲಗೆ ಅವನ ಕಡೆ ಸರಿಸುತ್ತೇನೆ. ಅವಳು ಹೋಗಿ ನಾಲ್ಕು ವರ್ಷವಾಯಿತು. ನನ್ನ ಹೆಸರಿನ ಮುಂದೆ ಸೇರಿಕೊಂಡ ಇಂಗ್ಲಿಷ್ ಅಕ್ಷರಗಳೆಲ್ಲ ಅವಳಿಗೇ ಸಲ್ಲಬೇಕಿತ್ತು ಎಂದು ಎಷ್ಟೋ ಸಲ ಅನ್ನಿಸುತ್ತದೆ.

ಈಗಲಾದರೂ ದಿನಾ ತಾಟು ತೊಳೆದು ಕುಡಿಯುತ್ತೀರೋ ಎಂದು ನೀವು ಕೇಳಬಹುದು. ಉತ್ತರ ಬರೆಯಲು ಲೇಖನಿ ಎತ್ತಿದ್ದೆ. ಬೇಡ, ಬರೆಯುವುದಿಲ್ಲ. ಬರೆದರೆ ಆಯಿ ನಂಬುವುದಿಲ್ಲ.