ದೀಪ ಆರಿಸಿ ಎಂದು ಕೂಗುವ ಮೈಕಣ್ಣ

ಇನ್ನೂ ಬೆಳಕು ಹರಿದಿಲ್ಲ. ಕಡಲತಡಿಯ ರಸ್ತೆಯ ಚರಂಡಿಯಲ್ಲಿ ಒಬ್ಬರು ಮಂಡಿಯೂರಿ ಕೈಯಾಡಿಸುತ್ತಿದ್ದಾರೆ. ಪಕ್ಕದಲ್ಲಿ ನೀಲಿ ಬಕೆಟ್ಟು, ಅದರ ಮೇಲೆ ಒದ್ದೆ ಟವೆಲು. ಕಸದ ನಡುವಿನಿಂದ ಅವರು ಎತ್ತಿ, ವರದಿಗೆಂದು ಬಂದ ನನಗೆ ತೋರಿಸಿದ್ದು ಅಂಗೈಯೊಳಗೆ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಪುಟ್ಟ ಕಡಲಾಮೆ ಮರಿ. ಅದರ ಕಾಲುಗಳು ಗಾಳಿಯಲ್ಲೇ ಈಜುತ್ತಿವೆ.

"ಇದಕ್ಕಿನ್ನೂ ಆಸೆ ಇದೆ," ಎಂದು ಬಕೆಟ್ಟಿಗೆ ಬಿಡುತ್ತಾರೆ. ಅಲುಗಾಡದ ಮರಿಗಳು ಅವರ ಅಂಗಿಯ ಜೇಬಿಗೆ ಹೋಗುತ್ತವೆ. ರಸ್ತೆಯಲ್ಲೇ ಬಿಟ್ಟರೆ ಕಾಗೆ ಬರುತ್ತದೆ. ಕಾಗೆ ಬಂದರೆ ಬದುಕಿರುವವನ್ನೂ ಬಿಡುವುದಿಲ್ಲ.

ಹಾಲಿನ ವ್ಯಾನೊಂದು ಬಂದು ನಿಲ್ಲುತ್ತದೆ. ಹಾರನ್ ಇಲ್ಲ. ಚಾಲಕ ಇಳಿದು, ಬಗ್ಗಿ, ಗಾಲಿಗಳ ಮುಂದೆ ಮೊಬೈಲಿನ ಬೆಳಕು ಹಿಡಿದು ನೋಡುತ್ತಾನೆ.

"ಹೋಗ್ಲಾ ಮೈಕಣ್ಣಾ?"

"ಹೋಗಪ್ಪಾ, ಮೆಲ್ಲಗೆ."

ಮೈಕಣ್ಣ ಊರು ಇಟ್ಟ ಹೆಸರು. ಅರವತ್ತರ ಹತ್ತಿರದ ಇವರ ಕಸುಬು ಆಟೋದ ನೆತ್ತಿಗೆ ಧ್ವನಿವರ್ಧಕ ಕಟ್ಟಿಕೊಂಡು ಬೀದಿ ಬೀದಿಯಲ್ಲಿ ಕೂಗುವುದು. ಹಾಸಿಗೆ ಮಾರಾಟ, ಪ್ಲಾಸ್ಟಿಕ್ ಕೊಡ, ನಾಳೆ ನಲ್ಲಿ ನೀರಿಲ್ಲ, ಮಗು ಕಾಣೆಯಾಗಿದೆ, ಇಂಥವರು ತೀರಿಕೊಂಡರು. ಊರಿಗೆ ತಿಳಿಯಬೇಕಾದದ್ದೆಲ್ಲ ಈ ಒಂದು ಗಂಟಲಿನಿಂದಲೇ ತಿಳಿಯಬೇಕು.

ಆಮೆಗಾಗಿ ಕೂಗಲು ಅವರಿಗೆ ಯಾರೂ ಹೇಳಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ಬೀದಿದೀಪದ ಬುಡದಲ್ಲಿ ಮರಿಗಳು ರಾಶಿಯಾಗಿ ಸತ್ತಿದ್ದವು. ರಾತ್ರಿ ಮರಳಿನಿಂದ ಹೊರಬಂದ ಮರಿ ಬೆಳಕಿದ್ದ ಕಡೆ ಹೊರಡುತ್ತದೆ. ಹಿಂದೆಲ್ಲ ಕತ್ತಲಲ್ಲಿ ಹೊಳೆಯುತ್ತಿದ್ದದ್ದು ನೀರೊಂದೇ. ಈಗ ದೀಪಗಳಿವೆ. ಮರಿ ಕಡಲಿಗೆ ಬೆನ್ನು ಹಾಕಿ ರಸ್ತೆಗೆ ಬರುತ್ತದೆ.

"ದೀಪ ಆರಿಸಿ ಅಂದ್ರೆ ಮುಗೀತು, ಇದೇನು ಮಹಾ ಅಂದ್ಕೊಂಡೆ ಕಣಮ್ಮಾ," ಎನ್ನುತ್ತಾರೆ. ಅಂದೇ ಆಟೋ ತೆಗೆದು, ತಮಗೆ ಗೊತ್ತಿದ್ದ ಧಾಟಿಯಲ್ಲೇ ಕೂಗಿದರು. ಬನ್ನಿ, ಕೇಳಿ, ಉಳಿದಿರುವುದು ಕೆಲವೇ ಕೆಲವು, ಕೈತಪ್ಪಿದರೆ ಮತ್ತೆ ಸಿಗಲಾರವು, ಕಡಲಾಮೆಗಳು! ಜನ ಚೀಲ ಹಿಡಿದು ಓಡಿ ಬಂದರು. ಒಬ್ಬಾಕೆ ಬುಟ್ಟಿಯನ್ನೇ ತಂದಿದ್ದಳು. "ಜೋಡಿ ಎಷ್ಟಣ್ಣ? ಸಾಕೋದಕ್ಕೋ, ಸಾರಿಗೋ?"

ಮರುದಿನ ಧಾಟಿ ಬದಲಿಸಿದರು. ದನಿ ಇಳಿಸಿ, ತಡೆತಡೆದು ಹೇಳಿದರು. ಜನ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತರು. "ಯಾರು ಹೋದ್ರು ಮೈಕಣ್ಣಾ?"

"ಇನ್ನೂ ಪೂರ್ತಿ ಹೋಗಿಲ್ಲ ಕಣ್ರಪ್ಪಾ, ಹೋಗ್ತಾ ಇದಾವೆ," ಅಂದೆ ಎಂದು ಈಗ ನಗುತ್ತಾರೆ. ಆಮೆ ಎಂದು ತಿಳಿದ ಮೇಲೆ ಜನರೂ ನಗುತ್ತಾ ಒಳಗೆ ಹೋದರಂತೆ. ಆ ರಾತ್ರಿ ಒಂದು ದೀಪವೂ ಆರಲಿಲ್ಲ.

ಈ ವರ್ಷ ಇಡೀ ದಂಡೆಯಲ್ಲಿ ಸಿಕ್ಕಿದ್ದು ಎರಡೇ ಗೂಡು. ಒಂದರ ಮೊಟ್ಟೆಗಳು ನಿನ್ನೆ ರಾತ್ರಿ ಒಡೆದವು. ಚರಂಡಿಯಲ್ಲಿ ಸಿಗುತ್ತಿರುವುದು ಅದರ ಮರಿಗಳೇ. ಇನ್ನೊಂದು ಈ ವಾರದೊಳಗೆ ಒಡೆಯಬೇಕು. ಅರಣ್ಯ ಇಲಾಖೆಯವರು ಅಲ್ಲೊಂದು ಎಚ್ಚರಿಕೆಯ ಫಲಕ ನೆಟ್ಟು ಹೋಗಿದ್ದಾರೆ. ಅದರ ಮೇಲೆ ಈಗ ಯಾರದೋ ಬನಿಯನ್ ಒಣಗುತ್ತಿದೆ.

ಆ ಗೂಡಿನ ಎದುರಿಗೇ ಹೊಸ ಮದುವೆ ಮಂಟಪ. ಬೆಳಗಿನವರೆಗೂ ಅದರ ದೊಡ್ಡ ದೀಪಗಳು ಮರಳನ್ನು ಹಗಲು ಮಾಡಿರುತ್ತವೆ. ಬಕೆಟ್ಟಿನ ಮರಿಗಳನ್ನು ಒದ್ದೆ ಮರಳಿನ ಮೇಲೆ ಬಿಟ್ಟು, ಅವು ತಾವಾಗಿ ನೀರಿಗಿಳಿದ ಮೇಲೆ, ಮೈಕಣ್ಣ ಆ ಮಂಟಪದ ಮ್ಯಾನೇಜರನ ಮುಂದೆ ನಿಲ್ಲುತ್ತಾರೆ.

"ಒಂದು ವಾರ ಸ್ವಾಮಿ. ಕಡಲ ಕಡೆಯವು ಮಾತ್ರ."

"ಅಲ್ಲ ಮೈಕಣ್ಣಾ, ಹೋದ ವರ್ಷ 'ಜಗಮಗಿಸುವ ಸಭಾಂಗಣ, ಒಮ್ಮೆ ಬನ್ನಿ' ಅಂತ ಊರೆಲ್ಲ ಕೂಗಿದ್ದು ನಿನ್ನ ಬಾಯೇ ತಾನೆ? ಈಗ ಕತ್ತಲು ಮಾಡು ಅಂದ್ರೆ ನಾನೇನು ಮಾಡ್ಲಿ?"

ಮೈಕಣ್ಣ ಖಾಲಿ ಬಕೆಟ್ಟು ಹಿಡಿದು ಹೊರಗೆ ಬರುತ್ತಾರೆ. ಮಂಟಪದ ಪಕ್ಕದ ಚಹಾ ಅಂಗಡಿಯಾಕೆ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ, ಅವರು ಕೇಳದೆಯೇ ಒಂದು ಲೋಟ ಬಿಸಿನೀರು ಮುಂದಿಡುತ್ತಾಳೆ. ಕೂಗಿ ಕೂಗಿ ಗಂಟಲು ಕಟ್ಟಿರುವುದು ಅವಳಿಗೆ ಗೊತ್ತು.

ಆ ವಾರವಿಡೀ ಸಂಜೆ ಮೈಕಣ್ಣ ಕೂಗುತ್ತಾರೆ. ಮಾರಾಟದ ಧಾಟಿಯೂ ಬೇಡ, ಸಾವಿನ ಧಾಟಿಯೂ ಬೇಡ ಎಂದು ಮನೆಯಲ್ಲಿ ಮಾತಾಡುವ ಹಾಗೆ ಹೇಳುತ್ತಾರೆ. ಆ ದನಿಗೆ ಯಾರೂ ಬಾಗಿಲಿಗೇ ಬರುವುದಿಲ್ಲ. ಧ್ವನಿವರ್ಧಕ ಕೆಟ್ಟಿರಬೇಕು ಎಂದು ಒಬ್ಬರು ಮರುಕದಿಂದ ಹೇಳುತ್ತಾರೆ.

ವಾರದ ಕೊನೆಯಲ್ಲಿ ನಾನು ಮತ್ತೆ ಹೋಗುವ ಹೊತ್ತಿಗೆ ಎರಡನೆಯ ಗೂಡೂ ಒಡೆದಿದೆ. ಮರಳಿನ ಮೇಲೆ ಸಣ್ಣ ಸಣ್ಣ ಕಾಲಿನ ಗೀರುಗಳು, ಯಾರೋ ಬಾಚಣಿಗೆ ಎಳೆದ ಹಾಗೆ, ನೆಟ್ಟಗೆ ಮಂಟಪದ ಕಡೆಗೇ ಹೋಗಿವೆ. ರಾತ್ರಿ ಅಲ್ಲಿ ಮದುವೆಯಿತ್ತು, ಕಾರುಗಳು ತುಂಬ ಬಂದಿದ್ದವು. ಮೈಕಣ್ಣನ ಬಕೆಟ್ಟಿನಲ್ಲಿ ಟವೆಲು ಮಾತ್ರ ಇದೆ. ಜೇಬು ಭಾರವಾಗಿ ಅಂಗಿ ಒಂದು ಪಕ್ಕಕ್ಕೆ ಜೋತಿದೆ.

ಚಹಾ ಅಂಗಡಿಯ ಮುಂದೆ ಮಾತ್ರ ನಾಲ್ಕಾರು ಗೀರುಗಳು ತಿರುಗಿ ನೀರಿಗೆ ಇಳಿದಿವೆ. ಮೇಲೆ ನೋಡಿದರೆ ಅಂಗಡಿಯ ಬಲ್ಬಿಗೆ ಕಪ್ಪು ಬಟ್ಟೆ ಸುತ್ತಿದೆ.

"ರಾತ್ರಿ ಗಿರಾಕಿಗಳು ಅಂಗಡಿ ಮುಚ್ಚಿದೆ ಅಂತ ವಾಪಸ್ ಹೋದ್ರು," ಎನ್ನುತ್ತಾಳೆ ಆಕೆ. "ಹೋಗ್ಲಿ ಬಿಡಿ, ಅವರಿಗೇನು, ದಾರಿ ಗೊತ್ತಿದೆ."

ಮೈಕಣ್ಣನ ಮನೆ ಎಂದರೆ ಒಂದು ಕೋಣೆ, ಒಂದು ಮೂಲೆಯಲ್ಲಿ ಬ್ಯಾಟರಿ, ವೈರು. ಹಿತ್ತಲಿನಲ್ಲಿ ಗುಂಡಿ ತೋಡಿ ಜೇಬು ಬರಿದು ಮಾಡಿ ಬಂದವರು ಗೋಡೆಗೆ ಒರಗಿ ಕೂರುತ್ತಾರೆ. ದನಿ ಒಡೆದಿದೆ. ಮುಂದಿನ ವರ್ಷ ಗೂಡುಗಳು ಇರುತ್ತವೆಯೇ ಎಂದರೆ ಕೈ ಆಡಿಸುತ್ತಾರೆ. ನಿಮ್ಮ ಆಸೆಯೇನು ಎಂದು ಕೇಳಿದರೆ ಹೇಳುತ್ತಾರೆ:

"ನಾನು ಹೋದ ದಿನ ಯಾರಾದ್ರೂ ಮೈಕ್ ಹಿಡಿದು, 'ಮೈಕಣ್ಣ ತೀರಿಕೊಂಡ, ರಾತ್ರಿ ದೀಪ ಆರಿಸಿ' ಅಂತ ಕೂಗ್ಲಿ ಅಮ್ಮಾ. ಸತ್ತವನ ಮಾತು ಅಂತ ಒಂದು ರಾತ್ರಿ ಆರಿಸ್ತಾರೆ. ನಮ್ಮ ಜನ ಕೆಟ್ಟವರಲ್ಲ."

"ಬಿಡ್ತು ಅನ್ನಿ," ಎಂದು ಹೆಂಡತಿ ಒಲೆಯ ಮುಂದಿನಿಂದಲೇ ಗದರುತ್ತಾರೆ. ಬಿಸಿನೀರಿನ ಲೋಟ ತಂದು ಗಂಡನ ಕೈಗಿಟ್ಟು, ಅವರ ಖಾಲಿ ಜೇಬಿಗೆ ಅಂಟಿದ ಮರಳನ್ನು ಕೊಡವುತ್ತಾ ಮೆಲ್ಲಗೆ ಸೇರಿಸುತ್ತಾರೆ: "ಹಾಗೇನಾದ್ರೂ ಆದ್ರೆ, ಮೊಟ್ಟೆ ಒಡೆಯೋ ಕಾಲದಲ್ಲೇ ಆಗ್ಬೇಕಲ್ರೀ. ಇಲ್ಲಾಂದ್ರೆ ಅದೂ ದಂಡ."

"ಹೌದಲ್ವಾ," ಎನ್ನುತ್ತಾರೆ ಮೈಕಣ್ಣ. "ಅದನ್ನೂ ನೋಡ್ಕೋಬೇಕು."